ಶುಲ್ಕವೂ ಋಣವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಅವರು ಇಂದಿನ ಬೆಂಗಳೂರಿನಲ್ಲಿ ಇದ್ದಿದ್ದರೆ, ಮಗುವನ್ನು ಶಾಲೆಗೆ ಸೇರಿಸಿ ನೋಡು ಎಂಬ ಮೂರನೆಯದನ್ನೂ ಅದರ ಜೊತೆಗೆ ಇಡುತ್ತಿದ್ದರೆಂದು ತೋರುತ್ತದೆ. ನಾನು ವಾಸವಾಗಿರುವ ಬಸವೇಶ್ವರನಗರದಲ್ಲಿ ದೀಪಾವಳಿ ಕಳೆಯಿತೆಂದರೆ ಈ ಮಾತಿಗೆ ಮೊದಲು. ಹಾಲಿನ ಬೂತಿನ ಮುಂದೆ, ಪಾರ್ಕಿನ ಕಲ್ಲುಬೆಂಚಿನ ಮೇಲೆ, ವಿಜಯನಗರದ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ, ಚಿಕ್ಕ ಮಕ್ಕಳ ತಂದೆತಾಯಿಗಳು ಒಬ್ಬರನ್ನೊಬ್ಬರು ಕೇಳುವ ಕುಶಲಪ್ರಶ್ನೆ ಒಂದೇ: “ಎಲ್ಲಿಗೆ ಸೇರಿಸ್ತೀರಿ?”

ನಮ್ಮ ಮನೆಯಲ್ಲಿಯೂ ಈ ವರ್ಷ ಆ ಪ್ರಶ್ನೆ ಬಂದು ಕುಳಿತಿದೆ. ಬರುವ ಜೂನ್ ತಿಂಗಳಿಗೆ ಮಗಳು ಒಂದನೆಯ ತರಗತಿಗೆ ಸೇರಬೇಕು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಎರಡು ಶಾಲೆಗಳಿವೆ. ಒಂದು, ಕಥೋಲಿಕ ಕನ್ಯಾಸ್ತ್ರೀಯರು ನಡೆಸುವ ಇಂಗ್ಲಿಷ್ ಮಾಧ್ಯಮದ ಶಾಲೆ. ಇನ್ನೊಂದು, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮೊದಲನೆಯದರ ವರ್ಷದ ಶುಲ್ಕ, ಪುಸ್ತಕ ಸಮವಸ್ತ್ರಗಳ ಖರ್ಚೂ ಸೇರಿ, ನನ್ನ ಒಂದು ತಿಂಗಳ ಸಂಬಳದ ಸಮೀಪಕ್ಕೆ ಬರುತ್ತದೆ. ಎರಡನೆಯದರಲ್ಲಿ ಪಾಠ, ಪುಸ್ತಕ, ಸಮವಸ್ತ್ರ, ಹಾಲು, ಮಧ್ಯಾಹ್ನದ ಊಟ ಎಲ್ಲವೂ ಉಚಿತ. ಹಾಗಾದರೆ ಆ ಹಣವನ್ನು ಕೊಡುವುದು ತಕ್ಕದ್ದೆ? ಕೊಟ್ಟರೆ ಯಾವುದಕ್ಕಾಗಿ ಕೊಟ್ಟಂತಾಯಿತು? ಮೇಲ್ನೋಟಕ್ಕೆ ಇದು ಜಮಾಖರ್ಚಿನ ಪ್ರಶ್ನೆ. ಸ್ವಲ್ಪ ಒಳಹೊಕ್ಕು ನೋಡಿದರೆ ಧರ್ಮದ ಪ್ರಶ್ನೆ. ಧರ್ಮವೆಂದರೆ ಇಲ್ಲಿ ಮತವಲ್ಲ, ನಡತೆ.

ಭಾಷೆಯ ಮೇಷ್ಟರಾದ್ದರಿಂದ ನಾನು ಮೊದಲು ಪದವನ್ನು ಹಿಡಿದು ನೋಡುತ್ತೇನೆ, ಓದುಗರು ಸಹಿಸಿಕೊಳ್ಳಬೇಕು. ಕಾನ್ವೆಂಟ್ ಎಂದರೆ ವ್ರತ ತೊಟ್ಟ ಕನ್ಯಾಸ್ತ್ರೀಯರು ಒಟ್ಟಾಗಿ ಬಾಳುವ ಮಠ. ಅವರು ತಮ್ಮ ಮಠದ ಪಕ್ಕದಲ್ಲಿ ಶಾಲೆ ನಡೆಸಿದರು. ಮಠದ ಹೆಸರು ಶಾಲೆಗೆ ಬಂತು. ಅಲ್ಲಿ ಇಂಗ್ಲಿಷಿನಲ್ಲಿ ಪಾಠವಾಗುತ್ತಿತ್ತಾಗಿ, ಇಂಗ್ಲಿಷ್ ಪಾಠ ಇರುವ ಕಡೆಯೆಲ್ಲ ಕಾನ್ವೆಂಟ್ ಆಯಿತು. ಈಗ ಕಾಮಾಕ್ಷಿಪಾಳ್ಯದ ಗಲ್ಲಿಯಲ್ಲಿ ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ನಡೆಯುವ ಶಿಶುವಿಹಾರವೂ ಜನರ ಬಾಯಲ್ಲಿ ಕಾನ್ವೆಂಟೇ. ಚರ್ಚಿನ ಸಂಬಂಧವೇ ಇಲ್ಲದ ಆಡಳಿತ ಮಂಡಲಿಯವರು ತಮ್ಮ ಶಾಲೆಯ ಬೋರ್ಡಿನ ಮೇಲೆ ‘ಸೇಂಟ್’ ಎಂದು ಬರೆಸುವುದೂ ಉಂಟು. ಮಠ ಹೋಯಿತು, ವ್ರತ ಹೋಯಿತು, ಇಂಗ್ಲಿಷ್ ಉಳಿಯಿತು, ಶುಲ್ಕ ಬೆಳೆಯಿತು. ನಮ್ಮ ಹಳ್ಳಿಗಳಲ್ಲಿ ಹಿಂದೆ ಕೂಲಿಮಠಗಳಿದ್ದವು. ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಕಾಳುಕಡ್ಡಿಯನ್ನೋ ನಾಲ್ಕು ಕಾಸನ್ನೋ ಪಡೆಯುತ್ತಿದ್ದರು. ಕೂಲಿಯೂ ಮಠವೂ ಕೂಡಿದ ಆ ಹೆಸರಿನಲ್ಲಿ ಒಂದು ಪ್ರಾಮಾಣಿಕತೆಯಿದೆ. ಕಲಿಸುವುದರಲ್ಲಿ ಕೂಲಿಗೆ ಸಲ್ಲುವ ಭಾಗವೊಂದು, ಮಠಕ್ಕೆ ಸಲ್ಲುವ ಭಾಗವೊಂದು ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ನಾನು ಮುಂದೆ ಹೇಳಬೇಕಾದುದೆಲ್ಲ ಹೆಚ್ಚುಕಡಮೆ ಈ ಎರಡು ಭಾಗಗಳ ಮಾತೇ.

ನಮ್ಮ ಮನೆಯಲ್ಲಿ ಎರಡು ಪಕ್ಷಕ್ಕೂ ಸಾಕ್ಷಿಗಳುಂಟು. ನನ್ನ ತಂದೆ ಮಾಗಡಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ನನ್ನ ಹೆಂಡತಿ ಮಲೆನಾಡಿನ ಒಂದು ಊರಿನಲ್ಲಿ ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದಿದವಳು. ನಾನು ತಂದೆಯ ಶಾಲೆಯಲ್ಲೇ ಅಕ್ಷರ ಕಲಿತವನು. ಆದ್ದರಿಂದ ಊಟದ ಹೊತ್ತಿನಲ್ಲಿ ಈ ವಿಚಾರ ಬಂದರೆ ನಮ್ಮಲ್ಲಿ ತಟಸ್ಥರು ಯಾರೂ ಇರುವುದಿಲ್ಲ.

ನನ್ನ ಹೆಂಡತಿ ತನ್ನ ಶಾಲೆಯ ವಿಚಾರ ಹೇಳುವಾಗ ಇಂಗ್ಲಿಷಿನ ಮಾತನ್ನೇ ಎತ್ತುವುದಿಲ್ಲ. ಅವಳು ಆರನೆಯ ತರಗತಿಯಲ್ಲಿದ್ದಾಗ ಅವಳ ತಂದೆ ಕಾಯಿಲೆ ಬಿದ್ದು ಕೆಲಸ ಹೋಯಿತು. ಎರಡು ವರ್ಷ ಶುಲ್ಕ ಕಟ್ಟಲಾಗಲಿಲ್ಲ. ಅವಧಿ ಕೇಳಲು ಹೋದ ತಾಯಿಗೆ ಅಲ್ಲಿನ ಮುಖ್ಯಸ್ಥೆ ಸಿಸ್ಟರು, ಮಗು ಶಾಲೆಗೆ ಬರುವುದನ್ನು ನಿಲ್ಲಿಸಬೇಡಿ, ಉಳಿದದ್ದು ಆಮೇಲೆ ನೋಡೋಣ ಎಂದರಂತೆ. ಆ ‘ಆಮೇಲೆ’ ಬರಲೇ ಇಲ್ಲ. “ನೋಡಿ, ನನ್ನ ಕ್ಲಾಸಿನಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ. ನನಗೇ ಗೊತ್ತಾದದ್ದು ಮದುವೆಯಾದ ಮೇಲೆ, ಅಮ್ಮ ಹೇಳಿದಾಗ” ಎನ್ನುತ್ತಾಳೆ. ಅಂಥವರ ಕೈಗೆ ಮಗಳನ್ನು ಒಪ್ಪಿಸಬೇಕೆಂಬುದು ಅವಳ ಆಸೆ.

ನನ್ನ ತಂದೆಯದು ಬೇರೆ ಲೆಕ್ಕ. ನಾಲ್ಕು ತರಗತಿಗಳಿಗೆ ಒಂದೇ ಕೋಣೆಯಿದ್ದ ಶಾಲೆಯಲ್ಲಿ ಅವರು ಏಳೆಂಟು ವರ್ಷ ಕಳೆದರು. ಸಂಜೆ ದನ ಕಟ್ಟಿಹಾಕಿ ಬರುವ ಹುಡುಗರಿಗಾಗಿ ಲಾಟೀನು ಹಚ್ಚಿಕೊಂಡು ಪಾಠ ಹೇಳುತ್ತಿದ್ದರು. ಸೀಮೆಎಣ್ಣೆ ಮನೆಯದು, ಇಲಾಖೆಯ ಯಾವ ಪುಸ್ತಕದಲ್ಲಿಯೂ ಆ ಪಾಠಕ್ಕೆ ಕಾಲಮ್ಮಿಲ್ಲ. “ಸಂಬಳ ಬರೋದು ಹತ್ತರಿಂದ ನಾಲ್ಕೂವರೆವರೆಗೆ ಕಣಪ್ಪ. ಹುಡುಗರು ಕಲಿತದ್ದು ಆಮೇಲೆ” ಎಂದು ನಗುತ್ತಾರೆ.

ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಒಂದು ಸಂಗತಿ ಕಂಡಿತು. ಇಬ್ಬರೂ ತಮ್ಮ ತಮ್ಮ ಶಾಲೆಯ ಹಿರಿಮೆಯೆಂದು ಹೇಳುತ್ತಿರುವುದು, ಹಣದ ಲೆಕ್ಕಕ್ಕೆ ಸೇರದ ಭಾಗವನ್ನು. ಒಂದು ಕಡೆ ಕೇಳದೆ ಬಿಟ್ಟ ಶುಲ್ಕ, ಇನ್ನೊಂದು ಕಡೆ ಸಂಬಳವಿಲ್ಲದ ಪಾಠ. ಕೊಟ್ಟ ಹಣಕ್ಕೆ ತಕ್ಕದ್ದು ಸಿಕ್ಕುತ್ತದೆಯೆ ಎಂದು ಕೇಳುವವರು ಈ ಭಾಗವನ್ನು ತಕ್ಕಡಿಗೆ ಹಾಕುವುದು ಹೇಗೆ?

ಆದರೂ ತಕ್ಕಡಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಣ ಕೊಟ್ಟು ಓದಿಸಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೆಯೆ ಎಂಬುದನ್ನು ಬಲ್ಲವರು ಅಳೆದು ನೋಡಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ 1966ರಲ್ಲಿ ಕೊಟ್ಟ ಪ್ರಸಿದ್ಧ ವರದಿಯ ಸಾರಾಂಶ, ಮಗುವಿನ ಕಲಿಕೆಯಲ್ಲಿ ಶಾಲೆಶಾಲೆಗಳ ನಡುವಣ ಅಂತರಕ್ಕಿಂತ ಮನೆಯ ಪರಿಸ್ಥಿತಿಯ ಪಾಲೇ ದೊಡ್ಡದು ಎಂಬುದು. ಅದೇ ಕೋಲ್‌ಮನ್ 1982ರಲ್ಲಿ ಸಹೋದ್ಯೋಗಿಗಳೊಡನೆ ಬರೆದ ಪುಸ್ತಕದಲ್ಲಿ, ಕಥೋಲಿಕ ಪ್ರೌಢಶಾಲೆಗಳ ಮಕ್ಕಳು ಸರ್ಕಾರಿ ಶಾಲೆಗಳ ಮಕ್ಕಳಿಗಿಂತ ಮುಂದಿದ್ದಾರೆಂದೂ, ಅಲ್ಲಿ ಬಡವರ ಮಕ್ಕಳಿಗೂ ಉಳ್ಳವರ ಮಕ್ಕಳಿಗೂ ನಡುವಣ ಅಂತರ ಕಡಮೆಯೆಂದೂ ಹೇಳಿದ. ಆ ಮುನ್ನಡೆಯಲ್ಲಿ ಶಾಲೆಯ ಪಾಲೆಷ್ಟು, ಅಂಥ ಶಾಲೆಯನ್ನು ಹುಡುಕಿಕೊಂಡು ಹೋಗುವ ಮನೆಯ ಪಾಲೆಷ್ಟು ಎಂದು ಪಂಡಿತರು ಅಂದಿನಿಂದಲೂ ವಾದಿಸುತ್ತಲೇ ಇದ್ದಾರೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಪಕ್ಕದ ಆಂಧ್ರಪ್ರದೇಶದ ಹಳ್ಳಿಗಳಲ್ಲಿ 2008ರಿಂದ ನಾಲ್ಕು ವರ್ಷ ಒಂದು ಪ್ರಯೋಗ ನಡೆಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಚೀಟಿ ಎತ್ತಿ, ಹೆಸರು ಬಂದವರನ್ನು ಖಾಸಗಿ ಶಾಲೆಗೆ ಉಚಿತವಾಗಿ ಕಳಿಸಿದರು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತೆಲುಗು ಮತ್ತು ಗಣಿತದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಖಾಸಗಿ ಶಾಲೆಗಳು ಹಿಂದಿಯನ್ನೂ ಕಲಿಸುತ್ತಿದ್ದುದರಿಂದ ಹಿಂದಿಯಲ್ಲಿ ಅಲ್ಲಿನ ಮಕ್ಕಳು ಮುಂದಿದ್ದರು. ಖಾಸಗಿ ಶಾಲೆಗಳು ಇದನ್ನು ಸರ್ಕಾರ ಮಾಡುವ ಖರ್ಚಿನ ಮೂರರಲ್ಲೊಂದು ಪಾಲಿನಲ್ಲಿ ಮಾಡಿದವೆಂಬುದನ್ನೂ ಮರೆಯಬಾರದು. ಹಳ್ಳಿಯ ಖಾಸಗಿ ಶಾಲೆಗೂ ನಗರದ ಕನ್ಯಾಸ್ತ್ರೀಯರ ಶಾಲೆಗೂ ಅಂತರವಿರಬಹುದು. ಆದರೆ ಹಣ ಕೊಟ್ಟ ಮಾತ್ರಕ್ಕೆ ಗಣಿತ ಹೆಚ್ಚು ಬರುತ್ತದೆಂಬ ನಂಬಿಕೆಗೆ ಇದು ಪೆಟ್ಟು. ಪುಸ್ತಕಗಳ ನಡುವೆ ಬೆಳೆಯುತ್ತಿರುವ, ರಾತ್ರಿ ತಾತನ ಬಾಯಲ್ಲಿ ಕಥೆ ಕೇಳುವ ನನ್ನ ಮಗಳು ಎಲ್ಲಿ ಓದಿದರೂ ಕೂಡುವುದು ಕಳೆಯುವುದು ಕಲಿತಾಳು.

ಹಾಗಿದ್ದ ಮೇಲೆ ನಮ್ಮ ನೆರೆಹೊರೆಯವರು ಹಣ ಕೊಡುವುದು ಯಾವುದಕ್ಕೆ? ಕೇಳಿದರೆ ಮೂರು ಉತ್ತರ ಬರುತ್ತವೆ: ಇಂಗ್ಲಿಷ್, ಶಿಸ್ತು, ಸಹವಾಸ. ಮೊದಲ ಎರಡನ್ನು ಗಟ್ಟಿಯಾಗಿ ಹೇಳುತ್ತಾರೆ. ಮೂರನೆಯದನ್ನು ದನಿ ತಗ್ಗಿಸಿ ಹೇಳುತ್ತಾರೆ.

ಇಂಗ್ಲಿಷಿನ ಹಸಿವನ್ನು ನಾನು ಹಳಿಯಲಾರೆ. ಅದು ಅನ್ನದ ಭಾಷೆಯಾಗಿ ಬಹುಕಾಲವಾಯಿತು. ಸರ್ಕಾರವೇ 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಆದರೆ ಕಥೋಲಿಕ ಶಾಲೆಗೂ ಇಂಗ್ಲಿಷ್ ಮಾಧ್ಯಮಕ್ಕೂ ಇರುವ ನಂಟು ಹುಟ್ಟಿನಿಂದ ಬಂದದ್ದಲ್ಲ ಎಂಬುದನ್ನು ಹೇಳದೆ ಇರಲಾರೆ. ಫ್ರಾನ್ಸಿನಲ್ಲಿ 17ನೆಯ ಶತಮಾನದ ಕೊನೆಯಲ್ಲಿ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಎಂಬ ಪಾದ್ರಿ ಕುಶಲಕರ್ಮಿಗಳ ಮತ್ತು ಬಡವರ ಮಕ್ಕಳಿಗಾಗಿ ಶುಲ್ಕವಿಲ್ಲದ ಶಾಲೆಗಳನ್ನು ತೆರೆದ. ಅಂದು ಮಕ್ಕಳಿಗೆ ಮೊದಲು ಲ್ಯಾಟಿನ್ ಓದಿಸುವುದು ರೂಢಿಯಾಗಿತ್ತು. ಆತ ಅದನ್ನು ಬಿಟ್ಟು ಮಕ್ಕಳು ಮನೆಯಲ್ಲಿ ಆಡುವ ಫ್ರೆಂಚ್ ಭಾಷೆಯಲ್ಲಿಯೇ ಓದು ಆರಂಭಿಸಿದ. 1950ರಲ್ಲಿ ಚರ್ಚು ಅವನನ್ನೇ ಉಪಾಧ್ಯಾಯರ ಪಾಲಕ ಸಂತನೆಂದು ಸಾರಿತು. ನಮ್ಮ ನಾಡಿನಲ್ಲಿಯೂ, 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ಬೆಂಗಳೂರಿನಲ್ಲಿ 1858ರಲ್ಲಿ ಫ್ರೆಂಚ್ ಪಾದ್ರಿಗಳು ಸ್ಥಾಪಿಸಿದ ಸೇಂಟ್ ಜೋಸೆಫ್ ಶಾಲೆಯಂಥವು ದಂಡಿನ ಪ್ರದೇಶದಲ್ಲಿ ಬೆಳೆದವು. ಅಲ್ಲಿನ ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಇಂಗ್ಲಿಷ್ ಮನೆಯ ಮಾತಾಗಿತ್ತು. ಎಂದರೆ, ಅವರ ಮಟ್ಟಿಗೆ ಅದೂ ಮಾತೃಭಾಷೆಯ ಶಾಲೆಯೇ. ಆ ಏರ್ಪಾಡು ದಂಡಿನಿಂದ ಪಶ್ಚಿಮಕ್ಕೆ, 1949ರಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿದ ರಾಜಾಜಿನಗರದ ಕಡೆಗೂ, ಆಮೇಲೆ ಕೆಂಗೇರಿಯವರೆಗೂ ಹರಡುವ ಹೊತ್ತಿಗೆ ಮಕ್ಕಳ ಮನೆಮಾತು ಬದಲಾಗಿತ್ತು. ಪಾಠದ ಮಾತು ಮಾತ್ರ ಬದಲಾಗಲಿಲ್ಲ. ಕನ್ಯಾಸ್ತ್ರೀಯರು ಹಟ ಹಿಡಿದರೆಂದಲ್ಲ. ನಾವು ಕೇಳಿದೆವು, ಅವರು ಕೊಟ್ಟರು.

ಮತಾಂತರದ ಅಂಜಿಕೆಯನ್ನು ಕೆಲವರು ಮುಂದಿಡುತ್ತಾರೆ. ಭಾರತದ ಕ್ರೈಸ್ತ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ರೈಸ್ತೇತರರೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ 2021ರ ವರದಿಯೇ ಹೇಳಿದೆ. ಮಾನ್ಯತೆ ಪಡೆದ ಯಾವ ಶಾಲೆಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವಿಗೆ ಮತಬೋಧೆಯನ್ನು ಕಡ್ಡಾಯ ಮಾಡುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿಯೂ ಕಾವಲಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ನಿಂತ ನನ್ನ ಹೆಂಡತಿ ಇಂದಿಗೂ ಶ್ರಾವಣ ಶುಕ್ರವಾರದ ಪೂಜೆ ಬಿಟ್ಟವಳಲ್ಲ. ನನ್ನನ್ನು ಕಾಡುವ ಸಂದೇಹ ಬೇರೆಯದು: ಆ ಶಾಲೆ ನಮ್ಮನ್ನು ಬದಲಾಯಿಸೀತೆಂದಲ್ಲ, ನಾವು ಆ ಶಾಲೆಯನ್ನು ಬದಲಾಯಿಸಿಬಿಟ್ಟೆವೆ ಎಂದು.

ಏಕೆಂದರೆ ಆ ಶಾಲೆಗಳ ಮೂಲದಲ್ಲಿ ದಾರಿದ್ರ್ಯದ ವ್ರತವಿದೆ. ಯೇಸುಸಭೆ 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ವಿದ್ಯಾಲಯ ತೆರೆದಾಗ ವಿದ್ಯಾರ್ಥಿಗಳಿಂದ ಶುಲ್ಕ ತೆಗೆದುಕೊಳ್ಳಲಿಲ್ಲ. ದಾನದತ್ತಿಗಳಿಂದ ಶಾಲೆ ನಡೆಯಬೇಕು, ಪಾಠ ಉಚಿತವಾಗಿರಬೇಕು ಎಂಬುದೇ ಅವರ ನಿಯಮವಾಗಿತ್ತು. ಕಥೋಲಿಕ ಚರ್ಚಿನ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆ, ಬಡವರು, ಮನೆಯ ಆಸರೆಯಿಲ್ಲದವರು, ಬೇರೆ ಮತದವರು, ಇವರ ಕಡೆಗೆ ವಿಶೇಷ ಗಮನ ಕೊಡಬೇಕೆಂದು ಸೂಚಿಸಿತು. ಇದು ನಮಗೆ ಅಪರಿಚಿತವಾದ ಭಾವವೇನೂ ಅಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಅಕ್ಷರ ಮೂರನ್ನೂ ಕೊಟ್ಟರು. ಆ ಕೆಲಸಕ್ಕೆ ನಮ್ಮಲ್ಲಿ ದಾಸೋಹವೆಂದು ಹೆಸರು. ವ್ರತ ತೊಟ್ಟವರು ಕಲಿಸುವಾಗ ಅದು ದಾಸೋಹವಾಗಬೇಕೆಂಬುದನ್ನು ಎರಡು ಮಠಗಳೂ ಬೇರೆ ಬೇರೆ ದಾರಿಯಲ್ಲಿ ಕಂಡುಕೊಂಡವು.

ಆದರೆ ನಗರದ ಶಾಲೆ ಇಂದು ಸಿಸ್ಟರುಗಳ ದುಡಿಮೆಯೊಂದರಿಂದಲೇ ನಡೆಯಲಾರದು. ಸಂಬಳದ ಉಪಾಧ್ಯಾಯರಿದ್ದಾರೆ, ಕಟ್ಟಡವಿದೆ, ತೆರಿಗೆಯಿದೆ. ಶುಲ್ಕ ಬೇಕು, ನಿಜ. ಶುಲ್ಕ ಬಂತೆಂದರೆ ಶುಲ್ಕ ಕೊಡಬಲ್ಲವರು ಒಳಗೆ, ಕೊಡಲಾರದವರು ಹೊರಗೆ. ದನಿ ತಗ್ಗಿಸಿ ಹೇಳುವ ಆ ‘ಸಹವಾಸ’ ಹುಟ್ಟುವುದು ಇಲ್ಲಿ.

ಇದು ನನಗೆ ಬರಿಯ ವಾದವಾಗಿ ಉಳಿಯದಂತೆ ಮಾಡಿದವರು ನಮ್ಮ ಮನೆಗೆ ಪಾತ್ರೆ ಬಟ್ಟೆಯ ಕೆಲಸಕ್ಕೆ ಬರುವ ಹೆಂಗಸು. ಅವರ ಮಗಳಿಗೂ ನನ್ನ ಮಗಳಿಗೂ ಒಂದೇ ವಯಸ್ಸು. ರಜೆಯಲ್ಲಿ ಇಬ್ಬರೂ ನಮ್ಮ ವರಾಂಡದಲ್ಲಿ ಕುಂಟೆಬಿಲ್ಲೆ ಆಡುತ್ತಾರೆ. ಒಂದು ದಿನ ಅವರು ಕೈ ಒರೆಸಿಕೊಳ್ಳುತ್ತ, “ಸಾರ್, ಆ ಸಿಸ್ಟರುಗಳ ಸ್ಕೂಲ್ನಾಗೆ ನಮ್ಮುಡುಗೀನೂ ತಗಂತಾರಾ? ಬಡವ್ರಿಗೆ ಸೀಟು ಐತಂತಲ್ಲ, ಸರ್ಕಾರದ್ದು” ಎಂದು ಕೇಳಿದರು.

ಅವರಿಗೆ ನಾನು ಕಾನೂನನ್ನು ತಿಳಿಸಿ ಹೇಳಬೇಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳ ಒಂದನೆಯ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ಬಡವರ ಮತ್ತು ಹಿಂದುಳಿದವರ ಮಕ್ಕಳಿಗೆ ಮೀಸಲಿಟ್ಟಿತು. ಆದರೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲವೆಂದು ತೀರ್ಪು ಕೊಟ್ಟಿತು. ಅಲ್ಪಸಂಖ್ಯಾತರು ತಮ್ಮ ಶಾಲೆಯನ್ನು ತಾವೇ ನಡೆಸಿಕೊಳ್ಳುವ 30ನೆಯ ವಿಧಿಯ ಹಕ್ಕಿಗೆ ಧಕ್ಕೆ ಬರುತ್ತದೆಂಬುದು ಕಾರಣ. ಅದೇ ದಿನ ಅದೇ ಪೀಠ ನಮ್ಮ ಕರ್ನಾಟಕದ ಮೊಕದ್ದಮೆಯಲ್ಲಿ ಇನ್ನೊಂದು ತೀರ್ಪನ್ನೂ ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಬಲವಂತ ಮಾಡುವಂತಿಲ್ಲ, ಮಾಧ್ಯಮದ ಆಯ್ಕೆ ಪೋಷಕರದು ಎಂದಿತು. 1994ರ ಭಾಷಾನೀತಿಯ ಕಥೆ ಅಲ್ಲಿಗೆ ಮುಗಿಯಿತು. ಎರಡೂ ತೀರ್ಪುಗಳು ಸ್ವಾತಂತ್ರ್ಯದ ಹೆಸರಿನಲ್ಲಿ ಬಂದವು. ಶಾಲೆಗೆ ತನ್ನ ಮಕ್ಕಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ, ನನಗೆ ಶಾಲೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ. ವರಾಂಡದಲ್ಲಿ ಆಡುವ ಇನ್ನೊಂದು ಮಗುವಿನ ಪಾಲಿಗೆ ಆ ದಿನ ಏನು ಬಂತೆಂದು ಹುಡುಕಿದರೆ ಸಿಕ್ಕುವುದಿಲ್ಲ. ಮೇಲಾಗಿ ರಾಜ್ಯ ಸರ್ಕಾರ 2019ರಲ್ಲಿ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಮೀಸಲು ಸ್ಥಾನ ದೊರೆಯದಂತೆ ಮಾಡಿತು. 2014ರ ಮೊದಲ ತೀರ್ಪಿನ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಸಂದೇಹ ವ್ಯಕ್ತಪಡಿಸಿ, ಪುನರ್ವಿಮರ್ಶೆಯಾಗಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟರು. ಆದರೆ ಮಗು ಬೆಳೆಯುವ ವೇಗಕ್ಕೆ ಮೊಕದ್ದಮೆ ನಡೆಯುವುದಿಲ್ಲ.

ಇಷ್ಟನ್ನೂ ಸರಳವಾಗಿ ಹೇಳಿ ಮುಗಿಸಿದಾಗ ಆಕೆ, “ಓಗ್ಲಿ ಬಿಡಿ ಸಾರ್. ಸರ್ಕಾರಿ ಸ್ಕೂಲ್ನಾಗೆ ಮೇಡಮ್ಮು ಚೆನ್ನಾಗಿ ಯೋಳ್ಕೊಡ್ತಾರಂತೆ” ಎಂದು ಬಕೆಟ್ಟು ಎತ್ತಿಕೊಂಡರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರು ಹೇಳಿದ್ದು ಸುಳ್ಳೂ ಅಲ್ಲ. ಸರ್ಕಾರಿ ಶಾಲೆಯೆಂದರೆ ಸೋರುವ ಹೆಂಚು ಎಂದು ತಿಳಿದವರಿಗೆ ಕೆಲವು ಸಂಗತಿ ನೆನಪು ಮಾಡಬೇಕು. ಚಿಕ್ಕ ತರಗತಿಗಳಲ್ಲಿ ಆಟವಾಡುತ್ತ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಮೇಷ್ಟರುಗಳ ಕೈಯಲ್ಲಿ ರೂಪುಗೊಂಡದ್ದು. ಇಲ್ಲೇ ರಾಜಾಜಿನಗರದ ಕಾರ್ಡ್ ರಸ್ತೆಯ ಬೆಟ್ಟದ ಮೇಲಿನ ಇಸ್ಕಾನ್ ದೇವಸ್ಥಾನದವರು 2000ದಲ್ಲಿ ಐದು ಸರ್ಕಾರಿ ಶಾಲೆಗಳ 1500 ಮಕ್ಕಳಿಗೆ ಊಟ ಕೊಡತೊಡಗಿದರು. ಆಮೇಲೆ ಸರ್ಕಾರ ಆರಂಭಿಸಿದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದೇ ಹೆಸರಿಟ್ಟರು. 2013ರಿಂದ ಹಾಲೂ ಬಂತು. ಯಾರ ಮಗುವೆಂದು ಕೇಳದೆ ಒಂದೇ ಸಾಲಿನಲ್ಲಿ ಕುಳ್ಳಿರಿಸಿ ಬಡಿಸುವುದನ್ನು ಬಸವೇಶ್ವರನ ಹೆಸರಿನ ಬಡಾವಣೆಯಲ್ಲಿರುವ ನಾವು ಸಣ್ಣ ಸಂಗತಿ ಎನ್ನಬಾರದು.

ಆ ಶಾಲೆಗೆ ಕೊರತೆಯಿರುವುದು ಎಲ್ಲಿ? ಅಲ್ಲಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ತಂದೆತಾಯಿಗಳೇ ಸದಸ್ಯರು. ನಲ್ಲಿಯಲ್ಲಿ ನೀರಿಲ್ಲ, ಮೇಷ್ಟರ ಜಾಗ ಖಾಲಿ ಬಿದ್ದಿದೆ ಎಂದು ಅರ್ಜಿ ಬರೆದು, ನಾಲ್ಕು ಸಲ ಕಚೇರಿಗೆ ಅಲೆದು, ಅಧಿಕಾರಿಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತು ಮಾತಾಡಬಲ್ಲವರು ಆ ಸಮಿತಿಗೆ ಬೇಕು. ಅಂಥವರೆಲ್ಲ, ಎಂದರೆ ನನ್ನಂಥವರೆಲ್ಲ, ತಮ್ಮ ಮಕ್ಕಳೊಡನೆ ಆಚೆಯ ಶಾಲೆಗೆ ಹೋದರು. ದಿನಗೂಲಿ ಬಿಟ್ಟು ಕಚೇರಿಗೆ ಅಲೆಯಲಾರದವರು ಉಳಿದರು. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ 1966ರ ವರದಿಯಲ್ಲಿಯೇ ಇದನ್ನು ಎಚ್ಚರಿಸಿತ್ತು. ಉಳ್ಳವರ ಮಕ್ಕಳು ಬೇರೆ ಶಾಲೆಗೆ ಹೋದರೆ ಸಾರ್ವಜನಿಕ ಶಾಲೆ ಅವರ ಬೆಂಬಲವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ನೆರೆಹೊರೆಯ ಮಕ್ಕಳೆಲ್ಲರೂ ಒಂದೇ ಶಾಲೆಯಲ್ಲಿ ಓದುವಂತಾಗಬೇಕು ಎಂದಿತ್ತು. ನಾನು ಕಟ್ಟುವ ಶುಲ್ಕದ ಪೂರ್ತಿ ಲೆಕ್ಕ ಇದು. ಒಂದು ಶಾಲೆಗೆ ನನ್ನ ಹಣ ಹೋಗುತ್ತದೆ. ಇನ್ನೊಂದರಿಂದ ನಾನೇ ಹೋಗುತ್ತೇನೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಬಲವಾದದ್ದು. ತತ್ತ್ವಕ್ಕಾಗಿ ಅಪ್ಪ ತಾನು ಉಪವಾಸ ಮಾಡಲಿ, ಮಗುವನ್ನೇಕೆ ಮಾಡಿಸಬೇಕು? ಊರಿನ ಶಾಲೆ ಸುಧಾರಿಸಲೆಂದು ನನ್ನ ಮಗಳನ್ನು ಅಲ್ಲಿ ಕೂರಿಸುವುದಾದರೆ ಅವಳನ್ನು ಒಂದು ಸಾಧನವಾಗಿ ಬಳಸಿದಂತಾಗುವುದಿಲ್ಲವೆ? ಕೆರೆಗೆ ಹಾರವಾದವಳ ಕಥೆ ಕೇಳಿ ಕಣ್ಣೀರು ಹಾಕುವ ನಾವು ಆ ಊರಗೌಡನ ನಿರ್ಧಾರವನ್ನು ಮೆಚ್ಚುವುದಿಲ್ಲ. ತಂದೆಗೆ ಮಗುವಿನ ವಿಷಯದಲ್ಲಿ ಇರುವ ಹೊಣೆ ಊರಿನ ವಿಷಯದಲ್ಲಿರುವುದಕ್ಕಿಂತ ಹತ್ತಿರದ್ದು. ಈ ವಾದವನ್ನು ನಾನು ಒಪ್ಪುತ್ತೇನೆ.

ಆದರೆ ಒಪ್ಪುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ನಾಳೆ ಬೆಳಿಗ್ಗೆ ಆ ಕನ್ಯಾಸ್ತ್ರೀಯರ ಶಾಲೆಯಲ್ಲಿ, ನನ್ನ ಮಗಳ ಬೆಂಚಿನಲ್ಲೇ, ನಮ್ಮ ವರಾಂಡದ ಆ ಹುಡುಗಿಯೂ ಬಂದು ಕುಳಿತಳೆಂದು ಭಾವಿಸೋಣ. ಆಗ ಆ ಶಾಲೆಯ ಬೆಲೆ ನನ್ನ ಕಣ್ಣಿನಲ್ಲಿ ಇಳಿಯುತ್ತದೆಯೆ? ಇಳಿಯುವುದಿಲ್ಲವಾದರೆ ನಾನು ಹಣ ಕೊಡುತ್ತಿರುವುದು ಪಾಠಕ್ಕೆ, ಅಕ್ಕರೆಗೆ, ಒಳ್ಳೆಯ ರೂಢಿಗೆ. ಅವು ಹಂಚಿಕೊಂಡರೆ ಸವೆಯುವ ವಸ್ತುಗಳಲ್ಲ. ಅವಕ್ಕಾಗಿ ಒಂದು ತಿಂಗಳ ಸಂಬಳ ಹೆಚ್ಚಲ್ಲ. ಇಳಿಯುತ್ತದೆ ಎನ್ನಿಸಿದರೆ ನಾನು ಹಣ ಕೊಡುತ್ತಿರುವುದು ಬೇಲಿಗೆ. ಮಗುವಿನ ಹಿತವೆಂಬ ಮಾತು ಆಮೇಲೆ ಅದಕ್ಕೆ ಹೊದಿಸಿದ ಶಾಲು. ಬೇಲಿಗೆ ಕೊಟ್ಟ ಹಣ ಎಷ್ಟೇ ಕಡಮೆಯಾದರೂ ದಂಡ.

ನಾವು ಮೂವರೂ ಕುಳಿತು ಈ ಪರೀಕ್ಷೆಯನ್ನು ಮಾಡಿಕೊಂಡೆವು. ನನ್ನ ಹೆಂಡತಿ ಕ್ಷಣವೂ ಯೋಚಿಸದೆ, “ಬಂದರೆ ಒಳ್ಳೆಯದೇ ಆಯಿತು, ಜೊತೆಗೊಬ್ಬಳು ಗೆಳತಿ” ಎಂದಳು. ಶುಲ್ಕ ಕಟ್ಟದೆ ಎರಡು ವರ್ಷ ಅಂಥ ಬೆಂಚಿನ ಮೇಲೆ ಕುಳಿತವಳು ಬೇರೆ ಹೇಗೆ ಹೇಳಿಯಾಳು? ನನ್ನ ತಂದೆ ಬಹಳ ಹೊತ್ತು ಸುಮ್ಮನಿದ್ದು, “ಸೇರಿಸಪ್ಪ. ಆದರೆ ದುಡ್ಡು ಕಟ್ಟಿದೆ, ಮುಗಿಯಿತು ಅಂದ್ಕೋಬೇಡ” ಎಂದರು.

ನನ್ನ ನಿಲುವೂ ಅದೇ ಆಗಿದೆ. ನಮ್ಮ ಪೂರ್ವಿಕರು ವಿದ್ಯೆಯ ವಿಚಾರದಲ್ಲಿ ಬೆಲೆಯೆಂಬ ಮಾತನ್ನು ಹೆಚ್ಚಾಗಿ ಬಳಸಲಿಲ್ಲ; ಋಣವೆಂದರು. ಬೆಲೆಗೂ ಋಣಕ್ಕೂ ಇರುವ ವ್ಯತ್ಯಾಸ ದೊಡ್ಡದು. ಬೆಲೆ ಕೊಟ್ಟವನು ಮಾರಿದವನ ಮುಖ ನೋಡದೆ ಹೊರಟುಹೋಗಬಹುದು. ಋಣವುಳ್ಳವನು ಹಾಗೆ ಹೋಗಲಾರ. ಅದನ್ನು ಪಡೆದವರಿಗೇ ತೀರಿಸಬೇಕೆಂಬ ನಿಯಮವೂ ಇಲ್ಲ. ಗುರುವಿನಿಂದ ಪಡೆದದ್ದನ್ನು ಶಿಷ್ಯನಿಗೆ ಕೊಟ್ಟು ತೀರಿಸುವುದೇ ನಮ್ಮ ಸಂಪ್ರದಾಯ. ಕನ್ಯಾಸ್ತ್ರೀಯರ ಶಾಲೆಗೆ ಶುಲ್ಕ ಕಟ್ಟುವುದು ತಕ್ಕದ್ದೆ ಎಂದು ಯಾರಾದರೂ ಕೇಳಿದರೆ, ಆ ಶುಲ್ಕವನ್ನು ಋಣದ ಮೊದಲ ಕಂತೆಂದು ಎಣಿಸುವವರಿಗೆ ತಕ್ಕದ್ದು, ಕಡೆಯ ಕಂತೆಂದು ಎಣಿಸುವವರಿಗೆ ದುಬಾರಿ ಎನ್ನುತ್ತೇನೆ.

ಉಳಿದ ಕಂತುಗಳು ಯಾವುವೆಂಬುದು ಅವರವರ ಅನುಕೂಲಕ್ಕೆ ಬಿಟ್ಟದ್ದು. ನಮ್ಮದನ್ನು ಹೇಳುವುದಾದರೆ, ಅರ್ಜಿ ಕೊಡಲು ಹೋದ ದಿನ ನಾನು ಆ ಶಾಲೆಯ ಸಿಸ್ಟರನ್ನು ಒಂದು ಮಾತು ಕೇಳಿದೆ. ಕಾಯಿದೆ ನಿಮ್ಮನ್ನು ಬಿಟ್ಟಿದೆ, ಬಡವರ ಮಕ್ಕಳನ್ನು ಸೇರಿಸಿಕೊಳ್ಳಬೇಡಿರೆಂದೇನೂ ಹೇಳಿಲ್ಲವಲ್ಲ ಎಂದೆ. ಅವರು ನಕ್ಕು, ಕೆಲವರದನ್ನು ತೆಗೆದುಕೊಳ್ಳುವುದಿಲ್ಲ, ಯಾರದ್ದೆಂದು ಯಾರಿಗೂ ಹೇಳುವುದಿಲ್ಲ, ಹೆಚ್ಚು ಮಂದಿಗೆ ಹಾಗೆ ಮಾಡಲು ಕೈ ಸಾಲದು ಎಂದರು. ಕೈ ಸಾಲುವಂತೆ ಮಾಡಬಲ್ಲವರು ಶುಲ್ಕ ಕಟ್ಟುವ ಪೋಷಕರೇ ಅಲ್ಲವೆ? ಒಂದು ತರಗತಿಯ ನಲವತ್ತು ಮನೆಯವರು ಸೇರಿ ಇಬ್ಬರು ಮಕ್ಕಳ ಶುಲ್ಕ ಹೊತ್ತರೆ ಒಂದೊಂದು ಮನೆಗೆ ಬೀಳುವುದು ವರ್ಷಕ್ಕೆ ಶುಲ್ಕದ ಇಪ್ಪತ್ತರಲ್ಲೊಂದು ಪಾಲು. ಈ ಮಾತನ್ನು ಪೋಷಕರ ಮೊದಲ ಸಭೆಯಲ್ಲಿ ಎತ್ತುವುದಾಗಿ ಅವರಿಗೆ ಹೇಳಿ ಬಂದಿದ್ದೇನೆ. ಎಷ್ಟು ಜನ ಒಪ್ಪುತ್ತಾರೋ ನೋಡಬೇಕು. ಆ ದಿನ ಬೇಲಿಗೆ ಹಣ ಕೊಟ್ಟವರು ಯಾರು, ಪಾಠಕ್ಕೆ ಕೊಟ್ಟವರು ಯಾರು ಎಂಬುದೂ ತಿಳಿದುಬಂದೀತು.

ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರನ್ನು ಕಂಡು ನನ್ನ ತಂದೆ ಈಗಾಗಲೇ ಒಪ್ಪಿಗೆ ಪಡೆದಿದ್ದಾರೆ. ಜೂನಿನಿಂದ ವಾರಕ್ಕೆ ಮೂರು ದಿನ ಅವರು ಅಲ್ಲಿ ಕಗ್ಗುಣಿತ ಹೇಳಿಕೊಡುತ್ತಾರೆ. ಶನಿವಾರ ನಾನು ಕಥೆ ಓದುತ್ತೇನೆ. ಮೇಷ್ಟರ ಒಂದು ಜಾಗ ಖಾಲಿಯಿರುವ ಬಗ್ಗೆ ಸಮಿತಿಯವರು ಇಲಾಖೆಗೆ ಬರೆಯಬೇಕಾದ ಅರ್ಜಿಯ ಕರಡು ನನ್ನ ಮೇಜಿನ ಮೇಲಿದೆ.